ಅವ್ವನ ರಾಳದ ಮನೆಗಳು

ರಾಯಚೂರಿನ ನಮ್ಮ ರೇಲ್ವೆ ಕ್ವಾರ್ಟರ್ಸಿಗೆ ಎರಡೇ ಕೋಣೆ. ಮುಂದಿನದರಲ್ಲಿ ಅಪ್ಪನ ಬಣ್ಣದ ಡಬ್ಬಿಗಳು ಇರುತ್ತಿದ್ದವು, ಹಿಂದಿನದರಲ್ಲಿ ಒಲೆ, ದೇವರು, ಹಾಸಿಗೆ ಸುರುಳಿ ಮತ್ತು ನಾವು ಮೂವರು. ಡಬ್ಬಿಗಳಿಗೆ ಗಾಳಿ ಬೆಳಕಿನ ಕೋಣೆ, ಮನುಷ್ಯರಿಗೆ ಹೊಗೆಯ ಕೋಣೆ. ಇದನ್ನು ಅವ್ವ ವಾರಕ್ಕೊಮ್ಮೆಯಾದರೂ ಎತ್ತಿ ಆಡುತ್ತಿದ್ದಳು, ಅಪ್ಪ ವಾರಕ್ಕೊಮ್ಮೆಯಾದರೂ ಕಿವುಡನಾಗುತ್ತಿದ್ದ. ನಮ್ಮ ಜೋಳದ ರೊಟ್ಟಿಗೂ ಟರ್ಪೆಂಟೈನ್ ವಾಸನೆ ಹತ್ತಿರುತ್ತಿತ್ತು. ಬೇರೆಯವರ ಮನೆಯಲ್ಲಿ ಉಂಡಾಗ ರೊಟ್ಟಿಯಲ್ಲಿ ಏನೋ ಕಡಿಮೆಯಾಗಿದೆ ಎಂದೇ ನನಗೆ ಅನಿಸುತ್ತಿತ್ತು. ಅಪ್ಪ ರೇಲ್ವೆಯಲ್ಲಿ ಪೇಂಟರ್. ಸ್ಟೇಷನ್ನುಗಳ ಹಳದಿ ಹಲಗೆಯ ಮೇಲೆ ಊರ ಹೆಸರನ್ನು ಕರಿ ಬಣ್ಣದಲ್ಲಿ, ಮೂರು ಲಿಪಿಯಲ್ಲಿ ಬರೆಯುವುದು ಅವನ ಕೆಲಸ. ಬೇಸಿಗೆಯಲ್ಲಿ ಸೇತುವೆಯ ಕಬ್ಬಿಣಕ್ಕೆ ಕೆಂಪು ಬಳಿಯುವುದೂ ಅವನ ಕೆಲಸವೇ, ಆದರೆ ಅದನ್ನು ಅವನು ಕೆಲಸ ಅನ್ನುತ್ತಿರಲಿಲ್ಲ, ಕೂಲಿ ಅನ್ನುತ್ತಿದ್ದ. ಅಕ್ಷರ ಮಾತ್ರ ಕೆಲಸ. ಪೇಟೆಯಲ್ಲಿ ನನ್ನ ಕೈ ಹಿಡಿದು ನಡೆಯುವಾಗ ಅಂಗಡಿಗಳ ಬೋರ್ಡಿನ ಮುಂದೆ ನಿಂತು ಬೇರೆ ಪೇಂಟರುಗಳ ಅಕ್ಷರವನ್ನು ಬೈಯುತ್ತಿದ್ದ.

"ಅಕ್ಷರಕ್ಕ ಹೊಟ್ಟಿ ಇರಬೇಕು, ಬೊಜ್ಜು ಇರಬಾರದು. ನೋಡಲ್ಲಿ, ಆ ರಾ ಅನ್ನೋದು ಬಸುರಿ ಆದಂಗ ಆಗ್ಯದ."

ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಅವಳ ತವರು ದೇವದುರ್ಗ. ಅಲ್ಲಿ ನಮ್ಮ ತಾತ ತೊಟ್ಟಿಲು, ಮದುವೆಯ ಮಣೆ, ಮಣ್ಣಿನ ಗೌರಿಗಳಿಗೆ ಬಣ್ಣ ಹಾಕುತ್ತಿದ್ದ. ಅಳಿಲಿನ ಬಾಲದ ಕೂದಲನ್ನು ಕಡ್ಡಿಗೆ ಕಟ್ಟಿ ಕುಂಚ ಮಾಡುವುದು, ಬಣ್ಣ ಅರೆಯುವುದು, ಮೊದಲ ಬಿಳಿ ಬಳಿಯುವುದು ಮನೆಯ ಹೆಣ್ಣುಮಕ್ಕಳ ಪಾಲಿಗೆ. ಬಳ್ಳಿ, ಹೂವು, ಕೊನೆಗೆ ಗೌರಿಯ ಕಣ್ಣು ಬರೆಯುವುದು ಗಂಡಸರ ಪಾಲಿಗೆ. ಅವ್ವ ಸಣ್ಣವಳಿದ್ದಾಗ ಒಮ್ಮೆ ತಾತ ಊಟಕ್ಕೆ ಎದ್ದ ಹೊತ್ತು ನೋಡಿ ಗೌರಿಯ ಒಂದು ಕಣ್ಣು ಬರೆದುಬಿಟ್ಟಿದ್ದಳಂತೆ. ತಾತ ಬಂದು ನೋಡಿ ಬೈಯಲಿಲ್ಲ, ಹೊಡೆಯಲಿಲ್ಲ, ಎರಡನೆಯ ಕಣ್ಣನ್ನು ಅದರಂತೆಯೇ ಬರೆಯಲು ಕುಂತ. ಎಷ್ಟು ಸಲ ಅಳಿಸಿದರೂ ಆ ಒಂದಕ್ಕೆ ಸರಿಜೋಡಿ ಆಗಲಿಲ್ಲ. ಈ ಕಥೆಯನ್ನು ಅವ್ವ ನನಗೊಬ್ಬಳಿಗೇ ಹೇಳಿದ್ದಳು, ಅದೂ ನಗುತ್ತ, ಸೆರಗು ಬಾಯಿಗೆ ಹಿಡಿದು. ಮದುವೆಯಾಗಿ ಬಂದ ಮೇಲೆ ಅವಳ ಕೈಗೆ ಉಳಿದದ್ದು ಬಾಗಿಲ ಮುಂದಿನ ರಂಗೋಲಿ ಒಂದೇ.

ನನಗೆ ಎಂಟೊಂಬತ್ತು ವರ್ಷವಿದ್ದಾಗ ಅಪ್ಪನ ಕೈ ನಡುಗಲು ಶುರುವಾಯಿತು. ಮೊದಲು ಬಸಿಯಲ್ಲಿ ಸುರಿದುಕೊಂಡ ಚಹಾ ತುಳುಕುತ್ತಿತ್ತು. ಆಮೇಲೆ ಅಂಗಿಯ ಗುಂಡಿ ಹಾಕಲು ಹೊತ್ತಾಗತೊಡಗಿತು. ಸೇತುವೆಗೆ ಬಳಿಯುವ ಆ ಕೆಂಪಿನಲ್ಲಿ ಸೀಸ ಇರುತ್ತದೆ, ಅದು ಮೈಗೆ ಸೇರಿದರೆ ಹೀಗಾಗುತ್ತದೆ ಎಂದು ಎಷ್ಟೋ ವರ್ಷಗಳ ಮೇಲೆ ಒಬ್ಬ ವೈದ್ಯರು ನನಗೆ ಹೇಳಿದರು. ಅಪ್ಪ ಅದೇ ಕೆಂಪು ಕೈಯಲ್ಲಿ ಸೇತುವೆಯ ಮೇಲೆ ಕುಂತು ಬುತ್ತಿ ಬಿಚ್ಚಿ ಉಣ್ಣುತ್ತಿದ್ದ. ಆಗ ಇದೆಲ್ಲ ಯಾರಿಗೆ ಗೊತ್ತು? ಹಲಗೆಯ ಮೇಲೆ ತಗಡಿನ ಅಚ್ಚು ಇಟ್ಟು, ಎಡಗೈಯಿಂದ ಬಲಗೈ ಮಣಿಕಟ್ಟನ್ನು ಅಮುಕಿ ಹಿಡಿದು ಅವನು ಹೇಗೋ ಸಾಗಿಸುತ್ತಿದ್ದ. ಒಂದು ಮಧ್ಯಾಹ್ನ ಊಟದ ಮುಂದೆ ಅವ್ವನಿಗೆ ಹೇಳಿದ.

"ರೇಲ್ವೆ ಡಾಕ್ಟರಗ ಗೊತ್ತಾತಂದ್ರ ಕುಂಚ ಕಸಗೊಂತಾರ. ಯಾರ ಮುಂದೂ ಉಸುರಬ್ಯಾಡ."

"ನಾ ಯಾಕ ಹೇಳ್ಲಿ? ನೀವು ಉಣ್ರಿ ಮೊದಲು."

ಆ ಮಾತು ನನಗೂ ಕೇಳಿಸಿತ್ತು. ಕೇಳಿಸಿರಲಿಲ್ಲ ಎಂದು ಇಷ್ಟು ವರ್ಷದ ಮೇಲೆ ಸುಳ್ಳು ಹೇಳಲಾರೆ.

ಆ ವರ್ಷವೇ ಒಬ್ಬ ಹೊಸ ಎಂಜಿನಿಯರ್ ಸಾಹೇಬರು ರಾಯಚೂರಿಗೆ ಬಂದರು. ಮೈಸೂರು ಕಡೆಯವರು, ಒಬ್ಬರೇ ಇರುತ್ತಿದ್ದರು. ದಿನವಿಡೀ ರೈಲಿನ ಕೆಲಸ ಮಾಡಿ ಸಾಲದೆ ಬಂಗಲೆಯ ಒಂದು ಕೋಣೆಯ ತುಂಬ ಮೇಜು ಜೋಡಿಸಿ ಅದರ ಮೇಲೆ ಆಟಿಕೆಯ ರೈಲು ಓಡಿಸುತ್ತಿದ್ದರು. ಆಟಿಕೆ ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತಂತೆ. ಎಂಜಿನ್ನು, ಬೋಗಿ, ಹಳಿ ಎಲ್ಲ ಅಸಲಿನ ಅಳತೆಗೆ ಸರಿಯಾಗಿ ಸಣ್ಣದು ಮಾಡಿದ್ದು. ವಿಲಾಯತಿನಲ್ಲಿದ್ದ ಅವರ ತಮ್ಮ ಹಳಿಯ ಪಕ್ಕದಲ್ಲಿ ಇಡುವ ಕಟ್ಟಡಗಳನ್ನೂ ಕಳಿಸುತ್ತಿದ್ದ: ಸ್ಟೇಷನ್ನು, ಗೇಟಿನವನ ಮನೆ, ಸಿಗ್ನಲ್ ಕ್ಯಾಬಿನ್ನು, ಸರಕಿನ ಗೋದಾಮು. ಆದರೆ ಇಡಿಯಾಗಿ ಅಲ್ಲ. ಗೋಡೆ, ಛಾವಣಿ, ಮೆಟ್ಟಿಲು ಎಲ್ಲ ಬಿಡಿಬಿಡಿ ತುಂಡು, ಬಣ್ಣವಿಲ್ಲದ ತುಂಡು, ಒಂದು ಡಬ್ಬಿಯಲ್ಲಿ. ಅವನ್ನು ಜೋಡಿಸಿ ಬಣ್ಣ ಹಾಕಬೇಕು. ಸಾಹೇಬರು ಸ್ಟೇಷನ್ನಿನ ಹಲಗೆಯ ಮೇಲಿನ ಅಪ್ಪನ ಹಳೆಯ ಅಕ್ಷರ ನೋಡಿ, ಬರೆದವನನ್ನು ಕರೆಸಿ, ಮೊದಲ ಡಬ್ಬಿ ಕೈಗೆ ಕೊಟ್ಟರು. ಒಲ್ಲೆ ಅಂದರೆ ಯಾಕೆ ಅಂತ ಕೇಳುತ್ತಾರೆ. ಅಪ್ಪ ಹೂಂ ಎಂದು ಹೊತ್ತುಕೊಂಡು ಬಂದ.

ಆ ತುಂಡುಗಳು ಹಾಲಿನ ಕೆನೆಯ ಬಣ್ಣದವು, ಉಗುರಿನಿಂದ ಬಡಿದರೆ ಟಣ್ ಅನ್ನುವಷ್ಟು ಗಟ್ಟಿ. ಇದಕ್ಕೆ ರೆಸಿನ್ ಅಂತಾರೆ ಎಂದು ಸಾಹೇಬರು ಹೇಳಿದ್ದರು. ಹಂಗಂದ್ರ ರಾಳ ಅಂತ ಅಪ್ಪ ಅವ್ವನಿಗೆ ತಿಳಿಸಿ ಹೇಳಿದ. ಅವ್ವನಿಗೆ ಗೊತ್ತಿದ್ದ ರಾಳ ಕೆಂಡದ ಮೇಲೆ ಹಾಕುವ ರಾಳ. ಸೋಮವಾರ ಪೂಜೆಯ ಹೊತ್ತಿಗೆ, ತುಂಡುಗಳ ಅಂಚಿನಿಂದ ಕತ್ತರಿಸಿ ತೆಗೆದಿದ್ದ ಚೂರುಗಳನ್ನು ಭಕ್ತಿಯಿಂದ ಕೆಂಡಕ್ಕೆ ಹಾಕಿದಳು. ಕರಿ ಹೊಗೆ ಎದ್ದು, ಮಲ್ಲಯ್ಯನ ಪಟ ಕಾಣದಂತಾಗಿ, ಮೂವರೂ ಕೆಮ್ಮುತ್ತ ಅಂಗಳಕ್ಕೆ ಓಡಿದೆವು. ಪಕ್ಕದ ಮನೆಯ ಮಹಬೂಬಿ ಕೊಡ ನೀರು ಹಿಡಿದುಕೊಂಡು ಬಂದಿದ್ದಳು. ಅಪ್ಪ ಅಷ್ಟು ನಕ್ಕದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ನಗು ಬಹಳ ದಿನ ಉಳಿಯಲಿಲ್ಲ. ಗೇಟಿನವನ ಮನೆಯನ್ನು ಅಪ್ಪ ಹೇಗೋ ಜೋಡಿಸಿದ. ಬೆಂಕಿಕಡ್ಡಿಗಿಂತ ಸಪೂರವಾದ ಕಿಟಕಿಯ ಚೌಕಟ್ಟಿಗೆ ಹಸಿರು ಎಳೆಯಲು ಕುಂತಾಗ ಕುಂಚ ಜಾರಿ ಗೋಡೆಯ ಮೇಲೆಲ್ಲ ಹರಿಯಿತು. ಒರೆಸಿ ಮತ್ತೆ ಎಳೆದ. ಮತ್ತೆ ಹರಿಯಿತು. ಮೂರನೆಯ ಸಲಕ್ಕೆ ಕುಂಚವನ್ನು ಅಂಗಳಕ್ಕೆ ಎಸೆದು, ಅಂಗಿ ಹಾಕಿಕೊಳ್ಳದೆ ಹೊರಗೆ ಹೋಗಿಬಿಟ್ಟ. ಅವ್ವ ಕುಂಚ ಆರಿಸಿ ತಂದಳು. ಚಿಂದಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ ಹಸಿರನ್ನೆಲ್ಲ ಒರೆಸಿದಳು. ಅಪ್ಪನ ಕುಂಚ ಬಿಟ್ಟು, ತನ್ನ ಟ್ರಂಕಿನ ತಳದಿಂದ ಅಳಿಲು ಕೂದಲಿನ ಕುಂಚವೊಂದನ್ನು ತೆಗೆದಳು. ತವರಿನಿಂದ ಅದನ್ನು ತಂದಿದ್ದಾಳೆಂದು ನಮಗಾರಿಗೂ ಗೊತ್ತಿರಲಿಲ್ಲ. ಉಸಿರು ಹಿಡಿದು ಎಳೆದಳು. ಒಂದೇ ಎಳೆ. ಅಪ್ಪ ಬಂದು ಮನೆಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಮರುದಿನ ಉಳಿದ ತುಂಡುಗಳ ಡಬ್ಬಿಯನ್ನು ಅವ್ವ ಕುಳಿತುಕೊಳ್ಳುವ ಜಾಗದಲ್ಲಿ ಇಟ್ಟು ಡ್ಯೂಟಿಗೆ ಹೋದ.

ಅಲ್ಲಿಂದ ಎರಡು ವರ್ಷ ನಮ್ಮ ಮನೆಯ ಮಧ್ಯಾಹ್ನಗಳೆಲ್ಲ ಆ ಮನೆಗಳವು. ಉಂಡು ಮುಸುರೆ ತೊಳೆದ ಮೇಲೆ ಅವ್ವ ಹಿಂದಿನ ಬಾಗಿಲ ಬೆಳಕಿಗೆ ಕೂರುತ್ತಿದ್ದಳು. ಮೊದಲು ತುಂಡುಗಳನ್ನು ಸೀಗೆಪುಡಿ ಹಾಕಿ ತೊಳೆಯಬೇಕು, ಇಲ್ಲದಿದ್ದರೆ ಜಿಡ್ಡಿಗೆ ಬಣ್ಣ ಹಿಡಿಯುವುದಿಲ್ಲ. ಸಾಹೇಬರು ಸಾಬೂನು ಅಂದಿದ್ದರು, ಅವ್ವ ಸೀಗೆಯನ್ನೇ ನಂಬಿದಳು. ಡೊಂಕಾದ ಗೋಡೆಗಳನ್ನು ಸ್ನಾನದ ಹಂಡೆಯ ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದ ಕೂಡಲೇ ರೊಟ್ಟಿ ತಟ್ಟುವ ಕಲ್ಲಿನ ಮೇಲೆ ಒತ್ತಿ ಇಟ್ಟರೆ ನೆಟ್ಟಗಾಗುತ್ತಿದ್ದವು. ಗುಳ್ಳೆ ಒಡೆದ ತೂತುಗಳಿಗೆ ಸುಣ್ಣದ ಪುಡಿ ಮತ್ತು ಅಗಸೆ ಎಣ್ಣೆ ಕಲಸಿ ತುಂಬುತ್ತಿದ್ದಳು. ಗೋಡೆಗೆ ಗೋಡೆ ಅಂಟಿಸುವ ಕೆಲಸ ಅಪ್ಪನದು, ಅಂಟು ಒಣಗುವವರೆಗೂ ಹಿಡಿದಿರುವುದು ನನ್ನದು. ಇಟ್ಟಿಗೆಗೆ ಕೆಂಪು ಬಳಿದು, ಒಣಗಿದ ಮೇಲೆ ನೀರಿನಂಥ ತೆಳು ಕರಿಯನ್ನು ಮೇಲೆಲ್ಲ ಹಚ್ಚಿ ತಕ್ಷಣ ಒರೆಸಿದರೆ, ಕರಿ ಸಂದುಗಳಲ್ಲಿ ಮಾತ್ರ ಉಳಿದು ಒಂದೊಂದು ಇಟ್ಟಿಗೆಯೂ ಎದ್ದು ಕಾಣುತ್ತಿತ್ತು. ಅದನ್ನು ಯಾರೂ ಅವಳಿಗೆ ಕಲಿಸಲಿಲ್ಲ. ಗೌರಿಯ ಜಡೆಗೆ ಹಾಗೇ ಮಾಡುತ್ತಾರೆ ಅಂದಳು. ವಿಲಾಯತಿ ಮನೆಗಳ ಕಡಿದಾದ ಛಾವಣಿಗೆ ಯಾವ ಬಣ್ಣವೆಂದು ಅಪ್ಪ ಕಾಗದದ ಚಿತ್ರ ತೋರಿಸಿದ. ಅವ್ವ ಚಿತ್ರ ನೋಡಿ, ತಾನು ಕುಳಿತಿದ್ದ ಶಹಾಬಾದ್ ಕಲ್ಲಿನ ನೆಲ ನೋಡಿ, ಅದೇ ಬೂದುನೀಲಿಯನ್ನು ಕಲಸಿದಳು. ಒಂದೊಂದು ಮನೆಗೂ ಮೂರು ನಾಲ್ಕು ಹೊಗೆಗೂಡು ಇರುವುದನ್ನು ಕಂಡು ಅವಳಿಗೆ ಭಾರಿ ಚಿಂತೆಯಾಗಿತ್ತು.

"ಇಷ್ಟೊಂದು ಒಲಿ ಹಚ್ಚತಾರಲ್ರಿ, ಎಷ್ಟು ಮಂದಿ ಸೊಸೆದೇರು ಬ್ಯಾರೆ ಆಗ್ಯಾರ ಆ ಮನ್ಯಾಗ?"

ಅವಳ ಪದ್ಧತಿಗಳೂ ಆ ಮನೆಗಳಿಗೆ ಅಂಟಿಕೊಂಡವು. ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಬಳಿಯದೆ ಯಾವ ಮನೆಯನ್ನೂ ಅವಳು ಮುಗಿಯಿತು ಅನ್ನಲಿಲ್ಲ. ಕಿಟಕಿಗಳು ಮನೆಯ ಕಣ್ಣು, ಅದಕ್ಕೆ ಅವು ಕೊನೆಗೆ, ಅದೂ ತಲೆ ಮೇಲೆ ನೀರು ಹಾಕಿಕೊಂಡು ಬಂದ ದಿನ. ಎಲ್ಲ ಆದ ಮೇಲೆ ಹಿಂದಿನ ಗೋಡೆಯ ಮೂಲೆಯಲ್ಲಿ, ಕಾಣಬಾರದ ಜಾಗದಲ್ಲಿ, ಕಾಡಿಗೆಯಷ್ಟು ಕಪ್ಪಾದ ಒಂದು ಚುಕ್ಕೆ ಇಡುತ್ತಿದ್ದಳು. ಕೂಸಿನ ಕೆನ್ನೆಗೆ ಇಡುವಂಥ ದೃಷ್ಟಿಬೊಟ್ಟು. ಇಷ್ಟು ಚೆಂದ ಆದದ್ದಕ್ಕೆ ಸಾಹೇಬರದೇ ಕಣ್ಣು ಬಿದ್ದೀತು ಅಂತ ಅವಳ ಅಂಜಿಕೆ. ಸ್ಟೇಷನ್ನಿನ ಸಣ್ಣ ಹಲಗೆಗೆ ರಾಯಚೂರು ಎಂದು ಬರೆಯಬೇಕೆಂದು ಸಾಹೇಬರು ಕೇಳಿದಾಗ, ಅಪ್ಪ ನೆಲದ ಮೇಲೆ ಬಳಪದಿಂದ ದೊಡ್ಡದಾಗಿ ಗೀರಿ ತೋರಿಸಿದ. ಒಂದು ಅಕ್ಷರವೂ ಓದಲು ಬಾರದ ಅವ್ವ ಮೂರು ಲಿಪಿಯನ್ನೂ ಬಳ್ಳಿ ಬರೆದಂತೆ ಅಕ್ಕಿಕಾಳಿನ ಅಗಲದಲ್ಲಿ ಇಳಿಸಿದಳು. ಅಪ್ಪ ಬಗ್ಗಿ ನೋಡಿ, ಹೊಟ್ಟಿ ಅದ, ಬೊಜ್ಜಿಲ್ಲ ಅಂದ. ಅವ್ವನಿಗೆ ಆ ದಿನ ಹಬ್ಬ.

ಹಾಗೆಂದು ಮನೆಯಲ್ಲಿ ಜಗಳ ಇರಲಿಲ್ಲವೆಂದಲ್ಲ. ಯಾರಾದರೂ ಬಾಗಿಲ ಹತ್ತಿರ ಬಂದ ಸದ್ದಾದರೆ ಅವ್ವ ಕುಂಚವನ್ನು ಅಪ್ಪನ ಕೈಗೆ ತುರುಕಿ ಮೊರ ಎತ್ತಿಕೊಳ್ಳಬೇಕು. ಅಪ್ಪ ಡ್ಯೂಟಿಯಲ್ಲಿದ್ದರೆ ಎಲ್ಲವನ್ನೂ ಬುಟ್ಟಿಯಡಿ ಮುಚ್ಚಬೇಕು. ಒಮ್ಮೆ ಮುಚ್ಚುವ ಅವಸರದಲ್ಲಿ ಹಸಿ ಛಾವಣಿಯೊಂದು ಕೆಟ್ಟಿತು, ಅವ್ವ ಇಡೀ ದಿನ ಮಾತು ಬಿಟ್ಟಳು. ಸಾಹೇಬರು ಹೊಗಳಿದ್ದನ್ನು ಅಪ್ಪ ಸಂಜೆ ಬಂದು ಹೇಳುತ್ತಿದ್ದ. ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಮತ್ತೇನಂದ್ರು, ಮತ್ತೇನಂದ್ರು ಅಂತ ಕೇಳುತ್ತಿದ್ದಳು. ಹೊಗಳಿಕೆ ಸಂದದ್ದು ಅಪ್ಪನ ಹೆಸರಿಗೆ ಅನ್ನುವುದು ಅವಳಿಗೆ ಲೆಕ್ಕಕ್ಕೇ ಇರಲಿಲ್ಲ. ಲೆಕ್ಕಕ್ಕಿದ್ದದ್ದು ನನಗೆ. ಅಪ್ಪ ಸುಮ್ಮನೆ ಹೊಗಳಿಸಿಕೊಂಡು ಬರುತ್ತಾನೆ ಅಂತ ನನಗೆ ಒಳಗೊಳಗೇ ಉರಿಯುತ್ತಿತ್ತು. ಅವರಿಬ್ಬರ ನಡುವೆ ಯಾವ ಒಪ್ಪಂದವಿತ್ತು, ಅದರಲ್ಲಿ ಎಷ್ಟು ಪ್ರೀತಿಯಿತ್ತು ಅನ್ನುವುದು ಆ ವಯಸ್ಸಿಗೆ ತಿಳಿಯಲಿಲ್ಲ. ತಿಳಿಯುವ ಹೊತ್ತಿಗೆ ಉಪಯೋಗವಿರಲಿಲ್ಲ.

ಒಂದು ಭಾನುವಾರ ಮುಂಜಾನೆ ಸಾಹೇಬರು ನಮ್ಮನ್ನೆಲ್ಲ ಬಂಗಲೆಗೆ ಕರೆದರು. ಅವರ ಆ ಪುಟ್ಟ ರೈಲಿನ ಊರಿನ ಕೆಲಸ ಬಹುತೇಕ ಮುಗಿದಿತ್ತು, ಸಿಗ್ನಲ್ ಕ್ಯಾಬಿನ್ನು ಒಂದೇ ಬಾಕಿ. ಅವ್ವ ಮದುವೆಯ ಇಳಕಲ್ ಸೀರೆ ಉಟ್ಟಳು. ಕೋಣೆಯ ಬಾಗಿಲಲ್ಲೇ ನಿಂತಳು, ಒಳಗೆ ಬರಲಿಲ್ಲ. ಮೇಜಿನ ಮೇಲೆ ಅವಳ ಮನೆಗಳೆಲ್ಲ ಸಾಲಾಗಿ ನಿಂತಿದ್ದವು. ಗೇಟಿನವನ ಮನೆಯ ಮುಂದೆ ಹಸಿರು ಬಾವುಟ ಹಿಡಿದ ಕಡ್ಡಿಯಷ್ಟು ಮನುಷ್ಯ, ಗೋದಾಮಿನ ಮುಂದೆ ಚೀಲ. ಸಾಹೇಬರು ಗುಂಡಿ ತಿರುಗಿಸಿದರು. ಎಂಜಿನ್ನು ಗೋದಾಮಿನ ಹಿಂದಿನಿಂದ ಬಂದು, ಶಹಾಬಾದ್ ಬಣ್ಣದ ಛಾವಣಿಯಡಿ ಹಾದು, ರಾಯಚೂರು ಹಲಗೆಯ ಮುಂದೆ ನಿಂತಿತು. ಅವ್ವ ಎರಡೂ ಕೈಯನ್ನು ಕೆನ್ನೆಗೆ ಹಚ್ಚಿಕೊಂಡಳು. ಹಿಂದಿನ ಬಾಗಿಲ ಬೆಳಕಿನಲ್ಲಿ ಒಂದೊಂದಾಗಿ ಮಾಡಿದವಳು ಅವನ್ನೆಲ್ಲ ಒಟ್ಟಿಗೆ ನೋಡಿದ್ದು ಅದೇ ಮೊದಲು. ಸಾಹೇಬರು ಅವಳ ಕಡೆ ತಿರುಗಿದರು.

"ನೋಡಮ್ಮಾ, ನಿನ್ನ ಗಂಡ ಎಂಥ ಕೆಲಸಗಾರ! ನಿನಗೆಲ್ಲಿ ಗೊತ್ತಿರುತ್ತೆ, ಈ ಕಿಟಕಿಗೆ ಬಣ್ಣ ಹಾಕೋದು ಎಷ್ಟು ಕಷ್ಟ ಅಂತ."

"ಹೌದ್ರಿ," ಅಂದಳು ಅವ್ವ, ನೆಲ ನೋಡುತ್ತ.

ಅಷ್ಟರಲ್ಲಿ ಸಾಹೇಬರು ಗೇಟಿನವನ ಮನೆಯನ್ನು ಎತ್ತಿ ಹಿಂದಿನ ಗೋಡೆ ತೋರಿಸಿದರು.

"ನಾಗಪ್ಪ, ಎಲ್ಲಾದರ ಹಿಂದೂ ಒಂದು ಕಪ್ಪು ಚುಕ್ಕೆ ಇದೆಯಲ್ಲ, ಇದು ನಿನ್ನ ಗುರುತೇನಪ್ಪಾ?"

ಅಪ್ಪನಿಗೆ ಆ ಚುಕ್ಕೆಯ ವಿಷಯವೇ ಗೊತ್ತಿರಲಿಲ್ಲ. ಉತ್ತರ ನನ್ನ ಹತ್ತಿರವಿತ್ತು.

"ಅದು ದೃಷ್ಟಿಬೊಟ್ಟರಿ. ನಮ್ಮವ್ವ ಇಟ್ಟಿದ್ದು. ಎಲ್ಲಾ ನಮ್ಮವ್ವನ ಮಾಡ್ಯಾಳರಿ."

ಸಾಹೇಬರು ನಕ್ಕರು. ಮಗುವಿನ ಮಾತು ಎಂದುಕೊಂಡರು. ಅಲ್ಲಿಗೇ ಬಿಟ್ಟಿದ್ದರೆ ಅದು ನಗುವಿನಲ್ಲೇ ಮುಗಿಯುತ್ತಿತ್ತು. ಆದರೆ ನಂಬದೆ ನಗುವವರನ್ನು ಕಂಡರೆ ನನಗೆ ಆಗಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ.

"ಖರೇನ್ರಿ! ನಮ್ಮಪ್ಪಗ ಬಣ್ಣ ಹಚ್ಚಾಕ ಬರಂಗಿಲ್ರಿ. ಅವನ ಕೈ ನಡುಗತಾವು."

ಎಂಜಿನ್ನು ಮೇಜಿನ ಮೇಲೆ ಇನ್ನೂ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಸಾಹೇಬರು ಅದನ್ನು ಆರಿಸಿದರು. ಅಪ್ಪ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಅವ್ವ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದದ್ದು ನೆನಪಿದೆ, ಅವಳ ಉಗುರು ಚುಚ್ಚಿದ್ದು ನೆನಪಿದೆ.

"ಹೌದಾ ನಾಗಪ್ಪ? ಕೈ ತೋರಿಸು ನೋಡೋಣ."

ತೋರಿಸದೆ ಬೇರೆ ದಾರಿ ಇರಲಿಲ್ಲ. ಸಾಹೇಬರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅಪ್ಪ ಕಾಲಿಗೆ ಬಿದ್ದು ಉಳಿದುಕೊಳ್ಳುತ್ತಿದ್ದನೇನೋ. ಅವರು ಕರಗಿದರು. ಇಂಥ ಕೈ ಇಟ್ಟುಕೊಂಡು ಸೇತುವೆ ಹತ್ತುತ್ತೀಯಲ್ಲಪ್ಪ, ಮೊದಲೇ ಹೇಳಬಾರದಿತ್ತೇ, ನಾನೇ ಡಾಕ್ಟರಿಗೆ ಚೀಟಿ ಕೊಡ್ತೀನಿ, ಎಲ್ಲ ಸರಿಹೋಗುತ್ತೆ ಅಂದರು. ಅಲ್ಲೇ ಮೇಜಿನ ಅಂಚಿನಲ್ಲಿ ಕಾಗದ ಇಟ್ಟು ಚೀಟಿ ಬರೆದರು. ಅವರು ಒಳ್ಳೆಯವರು. ಒಳ್ಳೆಯವರ ಮೇಲೆ ಸಿಟ್ಟು ಮಾಡಲಾರದೆ ನಾನು ಎಷ್ಟು ಕಷ್ಟಪಟ್ಟೆ ಅನ್ನುವುದು ನನಗೇ ಗೊತ್ತು.

ಡಾಕ್ಟರು ಅಪ್ಪನ ಚಾಚಿದ ಕೈಯ ಮೇಲೆ ಒಂದು ಹಾಳೆ ಇಟ್ಟರಂತೆ. ಹಾಳೆ ಪಟಪಟ ಅಂದಿತಂತೆ. ಏಣಿ ಹತ್ತುವ ಕೆಲಸಕ್ಕೂ ಬಣ್ಣದ ಕೆಲಸಕ್ಕೂ ಆಗುವುದಿಲ್ಲವೆಂದು ಬರೆದು, ಸ್ಟೇಷನ್ನಿನ ವೇಟಿಂಗ್ ರೂಮು ಕಾಯಲು ಹಾಕಿದರು. ನಮ್ಮ ಮುಂದಿನ ಕೋಣೆಯ ಡಬ್ಬಿಗಳನ್ನು ಇಬ್ಬರು ಬಂದು ಕೈಗಾಡಿಯಲ್ಲಿ ಹೇರಿಕೊಂಡು ಹೋದರು. ಕೋಣೆ ಖಾಲಿಯಾಯಿತು. ಅವ್ವನಿಗೆ ಬೇಕಾಗಿದ್ದ ಗಾಳಿ ಬೆಳಕಿನ ಕೋಣೆ ಕೊನೆಗೂ ಸಿಕ್ಕಿತು, ಆದರೆ ನಾವು ಮೂವರೂ ಹಿಂದಿನ ಕೋಣೆಯಲ್ಲೇ ಮಲಗುತ್ತಿದ್ದೆವು. ಅಪ್ಪ ನನ್ನನ್ನು ಬೈಯಲೇ ಇಲ್ಲ. ಅವ್ವ ಒಂದೇ ಸಲ ಬೈದಳು, ಯಾರು ಕೇಳಿದ್ರಬೇ ನಿನ್ನ ಅಂತ. ಮಹಬೂಬಿ ಮಾತ್ರ ನನ್ನನ್ನು ನಲ್ಲಿಯ ಹತ್ತಿರ ನಿಲ್ಲಿಸಿಕೊಂಡು ತಲೆ ಸವರಿದಳು.

"ನಿಮ್ಮವ್ವ ಬಣ್ಣ ಹಾಕೋದು ನನಗ ಮೊದಲಿಂದ ಮಾಲೂಮ್ ಇತ್ತು ಬೇಟಿ. ಮಾಲೂಮ್ ಇದ್ದದ್ದೆಲ್ಲಾ ಹೇಳ್ತಾರೇನವ್ವಾ?"

ಒಂದು ವಾರದ ಮೇಲೆ ಸಾಹೇಬರು ಸಿಗ್ನಲ್ ಕ್ಯಾಬಿನ್ನಿನ ಡಬ್ಬಿಯನ್ನು ಜವಾನನ ಕೈಯಲ್ಲಿ ಕಳಿಸಿದರು. ಇನ್ನು ಮುಚ್ಚುಮರೆ ಬೇಡ, ನಾಗಪ್ಪನ ಹೆಂಡತಿಯೇ ಮಾಡಲಿ, ಅವಳ ಹೆಸರಿಗೇ ಕೊಡುತ್ತೇನೆ ಎಂದು ಹೇಳಿ ಕಳಿಸಿದ್ದರು. ಅವ್ವ ಡಬ್ಬಿಯನ್ನು ದೇವರ ಗೂಡಿನ ಕೆಳಗೆ ಇಟ್ಟಳು. ಎಂಟು ದಿನ ಅದು ಅಲ್ಲೇ ಇತ್ತು. ಮಧ್ಯಾಹ್ನ ಮುಸುರೆ ತೊಳೆದ ಮೇಲೆ ಅವಳು ಹಿಂದಿನ ಬಾಗಿಲಲ್ಲಿ ಬಂದು ಕೂರುತ್ತಿದ್ದಳು, ಕೈ ಖಾಲಿ. ಅಪ್ಪ ಬೇಡ ಅನ್ನಲಿಲ್ಲ. ಅವನು ಅನ್ನಬೇಕಾಗಿದ್ದದ್ದು ಹೂಂ. ಅದನ್ನೂ ಅನ್ನಲಿಲ್ಲ. ಗುಟ್ಟಾಗಿದ್ದಷ್ಟು ದಿನ ಅವ್ವನ ಕೈ ಅಪ್ಪನ ಕೈಯೇ ಆಗಿತ್ತು. ಈಗ ಅವಳು ಕುಂಚ ಹಿಡಿದರೆ ಅವನ ಕೈ ಸತ್ತಿದೆ ಎಂದು ದಿನಾ ಸಾರಿದಂತೆ. ಒಂಬತ್ತನೆಯ ದಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಹಿಂದಕ್ಕೆ ಕೊಟ್ಟು ಬಾ ಅಂದಳು. ಒಳಗೆ ತುಂಡುಗಳೆಲ್ಲ ಸೀಗೆಪುಡಿಯಲ್ಲಿ ತೊಳೆದು ಒರೆಸಿಟ್ಟಿದ್ದವು. ಯಾವಾಗ ತೊಳೆದಳೋ ನನಗೆ ತಿಳಿಯದು.

ಅಪ್ಪ ವೇಟಿಂಗ್ ರೂಮಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಎದುರಿಗೇ ಅವನು ಬರೆದ ಹಲಗೆ. ಆರು ತಿಂಗಳ ಮೇಲೆ ಹೊಸ ಪೇಂಟರೊಬ್ಬ ಬಂದು ಅದರ ಮೇಲೆ ಹಳದಿ ಹೊಡೆದು ತನ್ನ ಅಕ್ಷರ ಬರೆದ. ಅಪ್ಪ ಇಡೀ ದಿನ ಕುಂತು ನೋಡಿದನಂತೆ. ಸಂಜೆ ಮನೆಗೆ ಬಂದು, ಛಲೋ ಬರದಾನ ಹುಡುಗ ಅಂದ. ಊಟಕ್ಕೆ ಏಳಲಿಲ್ಲ. ಆ ವರ್ಷವೇ ಕೆಲಸ ಬಿಟ್ಟ. ರೈಲು ಇಲ್ಲದ ಊರಿಗೆ ಹೋಗೋಣ ಅಂದ. ಮಾನ್ವಿಯಲ್ಲಿ ಅವ್ವನ ತಮ್ಮ ಅಮರಪ್ಪ ಮಾಮ ಸೈಕಲ್ ಅಂಗಡಿ ಇಟ್ಟಿದ್ದ. ಅದರ ಹಿಂದಿನ ಒಂದು ಕೋಣೆ, ಒಂದು ಪಡಸಾಲೆಯ ಮನೆಗೆ ನಾವು ಬಂದೆವು. ಅವ್ವ ಮಾಮನ ಅಕ್ಕಪಕ್ಕದವರಿಗೆ ಶಾವಿಗೆ, ಸಂಡಿಗೆ ಮಾಡಿಕೊಡುತ್ತಿದ್ದಳು. ಅಪ್ಪ ಟ್ಯೂಬಿನ ಪಂಕ್ಚರು ಎಲ್ಲಿದೆಯೆಂದು ನೀರಿನಲ್ಲಿ ಅದ್ದಿ ನೋಡುತ್ತಿದ್ದ, ಆ ಕೆಲಸಕ್ಕೆ ಕೈ ನಡುಗಿದರೂ ನಡೆಯುತ್ತಿತ್ತು. ಎರಡು ಮೂರು ವರ್ಷದಲ್ಲಿ ಅದೂ ಆಗದೆ ಹೊರಸಿನ ಮೇಲೆ ಕುಂತ. ಅವ್ವ ತುತ್ತು ಮಾಡಿ ಉಣಿಸುತ್ತಿದ್ದಳು. ನೀನು ಹೇಳಿದ್ದರಿಂದ ಜೀವ ಉಳಿಯಿತು, ಇಲ್ಲದಿದ್ದರೆ ಸೇತುವೆಯಿಂದ ಹೊಳೆಗೆ ಬೀಳುತ್ತಿದ್ದ ಅಂತ ಮಾಮ ನನಗೆ ಸಮಾಧಾನ ಹೇಳುತ್ತಿದ್ದ. ಇರಬಹುದು. ಉಳಿದ ಜೀವವನ್ನು ಹೊರಸಿನ ಮೇಲೆ ದಿನಾ ನೋಡುತ್ತಿದ್ದವಳು ನಾನು.

ನಾನು ಹತ್ತನೆಯ ತರಗತಿಯಲ್ಲಿದ್ದಾಗ ಒಂದು ಮಧ್ಯಾಹ್ನ ಪೋತ್ನಾಳದಿಂದ ಗೌಡರೊಬ್ಬರು ಬಂದರು. ಹೊಸದಾಗಿ ಅಕ್ಕಿ ಗಿರಣಿ ಹಾಕಿದ್ದರು. ಹೊರಸಿನ ತುದಿಯಲ್ಲಿ ಕುಳಿತು ಅಪ್ಪನ ಆರೋಗ್ಯ ಕೇಳಿದರು. ಆಮೇಲೆ ವಿಷಯಕ್ಕೆ ಬಂದರು.

"ಗಿರಣಿ ಬಾಗಲ ಮ್ಯಾಲ ಒಂದು ಬೋರ್ಡ್ ಆಗಬೇಕ್ರಿ. ಎರಡೂ ಕಡಿ ಭತ್ತದ ತೆನಿ, ನಡುವ ಬಸವಣ್ಣ. ಅಕ್ಷರ ಕಾಗದದಾಗ ಬರಸಿಕೊಂಡು ಬಂದೀನಿ. ನಿಮ್ಮ ಮನಿಯವರ ಕೈ ಬಾಳ ಛಲೋ ಅದ ಅಂತ ಅಮರಪ್ಪ ಹೇಳಿದ."

ಅಪ್ಪ ಗೋಡೆ ನೋಡಿದ. ಅವ್ವ ಒಳಗಿನ ಬಾಗಿಲಲ್ಲಿ ನಿಂತಿದ್ದಳು. ಅವಳ ದೃಷ್ಟಿ ಗೌಡರ ಕೈಯಲ್ಲಿದ್ದ ಕಾಗದದ ಮೇಲಿತ್ತು.

"ನಂದೇನದರಿ ಯಪ್ಪಾ," ಅಂದಳು ಅವ್ವ. "ಬರಿಯೋರು ಅವರು. ನಾ ಡಬ್ಬಿ ತೊಳಿಯಾಕಿ."

ಗೌಡರು ನನ್ನ ಕಡೆ ತಿರುಗಿದರು.

"ಏನಬೇ ತಂಗಿ, ನೀ ಓದಿದಾಕಿ, ಖರೇ ಹೇಳು. ನಿಮ್ಮವ್ವಗ ಬರತದೋ ಇಲ್ಲೋ?"

ಅಪ್ಪನ ತೊಡೆಯ ಮೇಲೆ ಕೈಗಳು ಕ್ವಾರ್ಟರ್ಸಿನ ದಿನಗಳಿಗಿಂತ ಹೆಚ್ಚು ನಡುಗುತ್ತಿದ್ದವು. ಅವನು ನನ್ನನ್ನು ನೋಡಲಿಲ್ಲ. ಅವ್ವ ನೋಡಿದಳು. ಆ ನೋಟದ ಅರ್ಥ ನನಗೆ ಚೆನ್ನಾಗಿ ಗೊತ್ತು ಎಂದುಕೊಂಡೆ.

"ಬರಂಗಿಲ್ರಿ," ಅಂದೆ.

ಗೌಡರು ಹೂಂ ಎಂದು ಕಾಗದ ಮಡಚಿದರು. ಸಣ್ಣವಳಿದ್ದಾಗ ಮಾಡಿದ್ದನ್ನು ಕೊನೆಗೂ ತಿದ್ದಿದೆ ಎಂದು ನನಗೆ ಹೆಮ್ಮೆಯಾಯಿತು. ಒಳಗೆ ಹೋದೆ. ಅವ್ವ ಗೌಡರಿಗೆಂದು ಚಹಾಕ್ಕೆ ನೀರಿಟ್ಟು ಒಲೆಯ ಮುಂದೆ ಕುಂತಿದ್ದಳು. ಬೆನ್ನು ನನ್ನ ಕಡೆ ಇತ್ತು. ತಿರುಗಲಿಲ್ಲ.

"ಒಂದು ಸಲ ಹೌದ್ರಿ ಅಂದಿದ್ರ ಏನಾಗ್ತಿತ್ತಬೇ ಶರಣಿ?" ಅಂದಳು, ಹೊರಗೆ ಕೇಳದಷ್ಟು ಮೆಲ್ಲಗೆ. "ನನ್ನ ಬಾಯಿಲೆ ನಾ ಹೆಂಗ ಹೇಳ್ಲಿ?"

ಪಡಸಾಲೆಯಲ್ಲಿ ಗೌಡರು ಚಹಾ ಬೇಡ, ಬಸ್ಸಿಗೆ ಹೊತ್ತಾಯಿತು ಅನ್ನುತ್ತಿದ್ದರು. ಚಪ್ಪಲಿ ಮೆಟ್ಟುವ ಸದ್ದು ಕೇಳಿಸಿತು. ಓಡಿಹೋಗಿ ಕರೆದಿದ್ದರೆ ಮೂಲೆ ತಿರುಗುವುದರೊಳಗೆ ಸಿಗುತ್ತಿದ್ದರು. ನಾನು ಅವ್ವನ ಬೆನ್ನ ಹಿಂದೆ ನಿಂತೇ ಇದ್ದೆ, ನೀರು ಕುದಿದು ಕುದಿದು ತಳ ಕಾಣುವವರೆಗೂ.